ಇಪ್ಪತ್ತನಾಲ್ಕು ವರ್ಷಗಳ ನಾಮಕರಣ

ನಮ್ಮಲ್ಲಿ ಮಗು ಹುಟ್ಟಿದ ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ ನಾಮಕರಣ ಮಾಡುವ ಪದ್ಧತಿಯುಂಟು. ಪೆಸಿಫಿಕ್ ಸಾಗರದ ಜೀವಿಯೊಂದಕ್ಕೆ ಹೆಸರಿಡಲು ವಿಜ್ಞಾನಿಗಳು ಇಪ್ಪತ್ತನಾಲ್ಕು ವರ್ಷ ತೆಗೆದುಕೊಂಡರು. ಇಷ್ಟು ವಿಳಂಬವೇಕೆ ಎಂದು ಯಾರಾದರೂ ಹುಬ್ಬೇರಿಸಬಹುದು. ನನಗಂತೂ ಈ ಪ್ರಸಂಗದಲ್ಲಿ ಗೌರವಕ್ಕೆ ಪಾತ್ರವಾಗಿ ಕಂಡದ್ದು ಆ ವಿಳಂಬವೇ.

2000ದ ಫೆಬ್ರವರಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ತೀರದಾಚೆ, 2,614 ಮೀಟರ್ ಆಳದಲ್ಲಿ, 'ಟಿಬುರಾನ್' ಎಂಬ ದೂರನಿಯಂತ್ರಿತ ಜಲಯಂತ್ರದ ಕ್ಯಾಮೆರಾಕ್ಕೆ ವಿಚಿತ್ರ ಪ್ರಾಣಿಯೊಂದು ಕಂಡಿತು. ಒಂದು ತುದಿಯಲ್ಲಿ ಬೋಗುಣಿಯಂತಹ ದೊಡ್ಡ ಮುಸುಕು. ಇನ್ನೊಂದು ತುದಿಯಲ್ಲಿ ಬೆರಳುಗಳಂತೆ ಸೀಳಿದ ಬಾಲ. ಮಾಂಟೆರೆ ಬೇ ಅಕ್ವೇರಿಯಂ ಸಂಶೋಧನಾ ಸಂಸ್ಥೆಯ ಬ್ರೂಸ್ ರಾಬಿಸನ್, ಸ್ಟೀವನ್ ಹ್ಯಾಡಾಕ್ ಮತ್ತು ಅವರ ಸಂಗಡಿಗರು ಅದನ್ನು 'ನಿಗೂಢ ಮೃದ್ವಂಗಿ' ಎಂದು ಕರೆದು ಕಾದರು. ಮುಂದೆ ನೂರೈವತ್ತಕ್ಕೂ ಹೆಚ್ಚು ಬಾರಿ ಅದನ್ನು ವೀಕ್ಷಿಸಿದರು. ಮುಸುಕನ್ನು ಬಲೆಯಂತೆ ಮುಚ್ಚಿ ಸಿಗಡಿಯ ಬಳಗದ ಸಣ್ಣ ಜೀವಿಗಳನ್ನು ಹಿಡಿಯುವುದು, ಕತ್ತಲಲ್ಲಿ ಬೆಳಕು ಸೂಸುವುದು, ಹಲ್ಲಿಯಂತೆ ಬಾಲದ ತುಣುಕನ್ನು ಕಳಚಿಬಿಡುವುದು, ಮೊಟ್ಟೆಯಿಡಲು ಸಮುದ್ರತಳಕ್ಕೆ ಇಳಿಯುವುದು - ಇವೆಲ್ಲ ಒಂದೊಂದಾಗಿ ತಿಳಿದುಬಂದವು.

ಇದು ಚಿಪ್ಪಿಲ್ಲದ ಬಸವನಹುಳುಗಳ ಬಳಗದ ಕಡಲವಾಸಿ. ನಮ್ಮಲ್ಲಿ ಮಳೆಗಾಲದಲ್ಲಿ ಗೋಡೆಯೇರುವ ಸಿಂಬಳದ ಹುಳುವಿನ ದೂರದ ನೆಂಟ. ಇಂತಹ ಮುಸುಕುಳ್ಳ 'ಮೆಲಿಬೆ' ಎಂಬ ಕುಲ ಮೊದಲೇ ಪರಿಚಿತವಿತ್ತು. ರೂಪ ನೋಡಿ ಇದನ್ನೂ ಅದರ ಜೊತೆಗೆ ಸೇರಿಸುವುದು ಸುಲಭವಿತ್ತು. ಆದರೆ ವಂಶವಾಹಿಗಳನ್ನು ಹೋಲಿಸಿ ನೋಡಿದಾಗ ಇದರ ದಾರಿಯೇ ಬೇರೆಯೆಂದು ತಿಳಿಯಿತು. ತಿಮಿಂಗಿಲ ಮೀನಿನಂತಿದ್ದರೂ ಮೀನಲ್ಲ ಎಂದು ಎಂಟನೆಯ ತರಗತಿಯಲ್ಲಿ ಓದಿದ್ದು ನಿಮಗೆ ನೆನಪಿರಬಹುದು. ಇದೂ ಅದೇ ಪಾಠ. ಕೊನೆಗೆ 2024ರಲ್ಲಿ ಹೊಸ ಕುಲವನ್ನೂ ಅದಕ್ಕೆಂದೇ ಹೊಸ ಕುಟುಂಬವನ್ನೂ ರಚಿಸಿ 'ಬ್ಯಾಥಿಡೇವಿಯಸ್ ಕಾಡ್ಯಾಕ್ಟೈಲಸ್' ಎಂದು ಹೆಸರಿಟ್ಟರು. ಕುಲನಾಮದಲ್ಲಿ ಆಳವೂ ಇದೆ, ತಜ್ಞರನ್ನು ಏಮಾರಿಸಿದ ಜಾಣತನವೂ ಇದೆ. ಪ್ರಭೇದನಾಮದ ಅರ್ಥ 'ಬೆರಳುಬಾಲ'.

ಹೊಸ ಪ್ರಭೇದವೆಂದರೆ ತಿಳಿದ ಮನೆಗೆ ಇನ್ನೊಂದು ಮಗು ಬಂದಂತೆ. ಹೊಸ ಕುಲವೆಂದರೆ ಬೇರೆ ಮನೆಯೇ ಇದೆಯೆಂದು ಸಾರಿದಂತೆ. ಆ ಮನೆಯ ಗೋಡೆಯನ್ನು ಪ್ರಕೃತಿ ಗೆರೆ ಎಳೆದು ತೋರಿಸುವುದಿಲ್ಲ. ಸಾಕ್ಷ್ಯಗಳನ್ನು ತೂಗಿ ಮನುಷ್ಯರೇ ಎಳೆಯಬೇಕು. ಲಿನೇಯಸ್ಸನ 1758ರ ಗ್ರಂಥದಿಂದ ಆರಂಭವಾದ ಪ್ರಾಣಿನಾಮಗಳ ಪರಂಪರೆಯಲ್ಲಿ ಒಮ್ಮೆ ಪ್ರಕಟವಾದ ಹೆಸರು ಲೆಕ್ಕದಿಂದ ಸುಲಭವಾಗಿ ಅಳಿಯದು. ತಪ್ಪಾಗಿದ್ದರೆ ಮುಂದಿನ ತಲೆಮಾರು ಅದನ್ನು ಬಿಡಿಸುತ್ತ ಕೂರಬೇಕಾಗುತ್ತದೆ.

ಹೆಸರಿಲ್ಲದ ಜೀವಿಯನ್ನು ಕಾನೂನು ಹೇಗೆ ರಕ್ಷಿಸೀತು, ಆಳಸಮುದ್ರದ ಗಣಿಗಾರಿಕೆಯ ಮಾತು ಕೇಳಿಬರುತ್ತಿರುವಾಗ ಕಾಯುತ್ತ ಕೂರುವುದು ಸರಿಯೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಪರಿಹಾರ, ನೋಡುವವರ ಸಂಖ್ಯೆಯನ್ನೂ ಅವರಿಗೆ ದೊರೆಯುವ ಹಣವನ್ನೂ ಹೆಚ್ಚಿಸುವುದು. ನೋಟವನ್ನೇ ಮೊಟಕುಗೊಳಿಸಿದರೆ ಯಾವುದನ್ನು ರಕ್ಷಿಸುತ್ತಿದ್ದೇವೆ ಎಂಬುದೇ ತಿಳಿಯದೆ ಹೋಗುತ್ತದೆ.

ಇಂದು ಮಗುವೊಂದು ಹುಳುವಿನ ಚಿತ್ರ ತೆಗೆದರೆ ಕೈಯಲ್ಲಿರುವ ಮೊಬೈಲು ಕ್ಷಣದಲ್ಲಿ ಹೆಸರು ಹೇಳುತ್ತದೆ. ಹೆಸರು ಸಿಕ್ಕೊಡನೆ ನೋಟ ಮುಗಿಯುತ್ತದೆ; ಅದಕ್ಕೆ ಕಾಲುಗಳೆಷ್ಟು ಎಂದು ಎಣಿಸುವ ಗೋಜಿಗೆ ಮಗು ಹೋಗುವುದಿಲ್ಲ. ಪರೀಕ್ಷೆಯಲ್ಲಿ ವಂಶ, ವರ್ಗ, ಗಣ, ಕುಟುಂಬ ಎಂದು ಸಾಲಾಗಿ ಬರೆದು ಅಂಕ ಪಡೆದವರಿಗೂ, ಆ ಒಂದೊಂದು ಪದದ ಹಿಂದೆ ಯಾರದೋ ಹತ್ತಾರು ವರ್ಷಗಳ ಅನುಮಾನವಿದೆಯೆಂದು ತಿಳಿದಿರುವುದಿಲ್ಲ.

2000ದಲ್ಲಿ ಎಸ್ಸೆಸ್ಸೆಲ್ಸಿ ಬರೆದವರಿಗೆ ಆ ಪ್ರಾಣಿಯ ನಾಮಕರಣವಾಗುವ ಹೊತ್ತಿಗೆ ನಲವತ್ತು ವರ್ಷ. ಅವರ ಪೈಕಿ ಈಗ ವಿಜ್ಞಾನ ಬೋಧಿಸುತ್ತಿರುವವರಲ್ಲಿ ನನ್ನದೊಂದು ವಿನಂತಿ. ಯಾವುದಾದರೊಂದು ಜೀವಿಯನ್ನು ಹೆಸರು ಹೇಳದೆ ಒಂದು ವಾರ ತರಗತಿಯ ಮುಂದಿಡಿ. ಕಂಡದ್ದನ್ನು ಮಕ್ಕಳು ದಿನವೂ ಬರೆಯಲಿ, ತಾವೇ ಒಂದು ತಾತ್ಕಾಲಿಕ ಹೆಸರನ್ನೂ ಇಟ್ಟುಕೊಳ್ಳಲಿ. ಶನಿವಾರ ನೀವು ಪುಸ್ತಕದ ಹೆಸರನ್ನು ಹೇಳಿದರೆ ಸಾಕು.