ಬಾಯಿ ನೋಡುವ ಮೊದಲು ಅಡಿಕೆಯ ಮಾತಾಗಲಿ

ಕಡೂರು, ತರೀಕೆರೆ, ಅಜ್ಜಂಪುರದ ತೋಟದ ಮನೆಗಳಲ್ಲಿ ಮಗಳ ಮದುವೆಯಿಂದ ಸೊಸೈಟಿ ಸಾಲದವರೆಗೆ ಎಲ್ಲವೂ ಅಡಿಕೆ ಧಾರಣೆ ನೋಡಿಕೊಂಡೇ ನಡೆಯುತ್ತದೆ. ಅದೇ ಅಡಿಕೆಯನ್ನು, ಹೊಗೆಸೊಪ್ಪು ಬೆರೆಸದಿದ್ದರೂ ಸರಿಯೇ, ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಪ್ರಕಟಿಸಿದ ವರದಿ ಹೇಳಿತು. ಹೀಗಿರುವಾಗ ಎಮ್ಮೆದೊಡ್ಡಿಯಂಥ ಊರಿಗೆ ಬಂದು 'ಎಲ್ಲಿ, ಬಾಯಿ ತೆಗೆಯಿರಿ' ಎನ್ನುವ ವೈದ್ಯರು ಬೆಳೆಗಾರರ ಕಣ್ಣಿಗೆ ಬೆಳೆಯ ವೈರಿಗಳಂತೆ ಕಂಡರೆ ಅಚ್ಚರಿಯಿಲ್ಲ. ಇಲ್ಲಿ ಬಾಯಿ ಕ್ಯಾನ್ಸರ್ ತಪಾಸಣೆ, ಸಂಶೋಧನೆ ಎರಡೂ ನಡೆಯಬೇಕಾದರೆ ಅಡಿಕೆ ಬೆಳೆಯುವವರು, ಸುಲಿಯುವವರು, ಜಗಿಯುವವರು ಅದರಲ್ಲಿ ಪಾಲುದಾರರಾಗಬೇಕು.

ಬಾಯಿ ತಪಾಸಣೆಗೆ ದೊಡ್ಡ ಯಂತ್ರ ಬೇಡ, ಒಳ್ಳೆಯ ಬೆಳಕು, ಪಳಗಿದ ಕಣ್ಣು ಇದ್ದರೆ ಸಾಕು. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. 2005ರಲ್ಲಿ ಹೊರಬಂದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ 34ರಷ್ಟು ತಗ್ಗಿತ್ತು. ಎಲ್ಲರನ್ನೂ ಒಟ್ಟಿಗೆ ಲೆಕ್ಕ ಹಾಕಿದಾಗ ಇಳಿಕೆ ಅಷ್ಟು ಖಚಿತವಾಗಿರಲಿಲ್ಲ. ಅಂದರೆ ಯಾರ ಬಾಯಿ ನೋಡಬೇಕೆಂದು ತಿಳಿದಿರುವುದೇ ಅರ್ಧ ಕೆಲಸ. ಯಾರು ಕಡ್ಡಿಪುಡಿ ಹಾಕುತ್ತಾರೆ, ಯಾರಿಗೆ ಈಚೆಗೆ ಸಾರಿನ ಖಾರ ತಡೆಯುತ್ತಿಲ್ಲ, ಯಾರ ಬಾಯಿ ಮುದ್ದೆಯ ತುತ್ತಿಗೂ ತೆರೆಯುತ್ತಿಲ್ಲ ಎಂಬುದು ಕಡತಕ್ಕಿಂತ ಮೊದಲು ಊರಿಗೆ ಗೊತ್ತಾಗುತ್ತದೆ. (ಅಡಿಕೆ ಜಗಿದು ಜಗಿದು ಬಾಯೊಳಗಿನ ಪೊರೆ ಗಡುಸಾಗಿ ದವಡೆ ಬಿಗಿಯುವುದು ಕ್ಯಾನ್ಸರಿನ ಮುನ್ಸೂಚನೆಯಾಗಿರಬಹುದು.) ಊರಿಗೆ ತಿಳಿವಳಿಕೆ ಬಂದರೆ ರೋಗ ಬೇಗ ಪತ್ತೆಯಾಗುತ್ತದೆ ಎಂಬುದಕ್ಕೆ ಉದಾಹರಣೆಯೂ ಇದೆ: ಮಹಾರಾಷ್ಟ್ರದ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಅದರ ಸಿಬ್ಬಂದಿ ಹಳ್ಳಿ ಸುತ್ತಿ ರೋಗಲಕ್ಷಣ ತಿಳಿಸಿದ ಮೇಲೆ, ಗರ್ಭಕಂಠದ ಕ್ಯಾನ್ಸರಿನ ಆರಂಭದ ಹಂತದಲ್ಲೇ ಆಸ್ಪತ್ರೆಗೆ ಬರುವ ಮಹಿಳೆಯರ ಪಾಲು ಹೆಚ್ಚಿತು. ನಮ್ಮಲ್ಲಿ ಕಿದ್ವಾಯಿ ಸಂಸ್ಥೆ 1982ರಿಂದ ಇಡುತ್ತ ಬಂದಿರುವ ಕ್ಯಾನ್ಸರ್ ಲೆಕ್ಕ ಬೆಂಗಳೂರಿನದು, ನಮ್ಮ ತೋಟದ ಊರುಗಳದಲ್ಲ.

ಇಲ್ಲಿ ಇಂಥ ಅಧ್ಯಯನ ನಡೆದರೆ ಅಡಿಕೆ ಧಾರಣೆ ಬಿದ್ದೀತು ಎಂಬ ಆತಂಕ ಹಗುರವಾದದ್ದಲ್ಲ. ಆದರೆ ರೋಗದಲ್ಲಿ ಅಡಿಕೆಯ ಪಾಲೆಷ್ಟು, ಹೊಗೆಸೊಪ್ಪಿನದೆಷ್ಟು, ಗುಟ್ಕಾದ್ದೆಷ್ಟು ಎಂಬ ಪ್ರಶ್ನೆ ಬೆಳೆಗಾರರದೂ ಹೌದು. ಅದನ್ನು ಅವರೇ ಪ್ರಶ್ನಾವಳಿಗೆ ಸೇರಿಸಲಿ. ಉತ್ತರ ಏನೇ ಬರಲಿ, ಗ್ರಾಮಸಭೆಯಲ್ಲಿ ಓದಿಸಲಿ. ಆಶಾ ಕಾರ್ಯಕರ್ತೆಯರಿಗೆ ಈಗಾಗಲೇ ಹೊರೆ ಜಾಸ್ತಿ ಎಂಬ ಇನ್ನೊಂದು ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. 2024ರಲ್ಲಿ ಶುರುವಾದ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯ ಮನೆಭೇಟಿಯಲ್ಲೇ ಬಾಯಿ ನೋಡುವುದಾದರೆ ಅದಕ್ಕೆ ಬೇರೆಯೇ ಸಂಭಾವನೆ ಕೊಡಬೇಕು. ಬಾಯಲ್ಲಿ ಬಿಳಿ ಮಚ್ಚೆ ಕಂಡವರ ಬಯಾಪ್ಸಿ ಎಲ್ಲಿ, ಯಾವಾಗ, ಬಸ್ ಖರ್ಚು, ತಪ್ಪಿದ ಕೂಲಿ ಯಾರು ತುಂಬುತ್ತಾರೆ ಎಂದು ಮೊದಲೇ ಬರೆದುಕೊಡದ ಯಾವ ಅಧ್ಯಯನಕ್ಕೂ ಪಂಚಾಯಿತಿ ಒಪ್ಪಿಗೆ ಕೊಡಬೇಕಾಗಿಲ್ಲ.