ಬೈರುತ್‌ನ ಬ್ಯಾಂಕುಗಳನ್ನು ಮುಳುಗಿಸಿದ್ದು ಬಾಂಬಲ್ಲ

ಲೆಬನಾನ್ ಎಂದೊಡನೆ ನಮ್ಮ ಚಾನೆಲ್‌ಗಳು ತೋರಿಸುವುದು ಹೊಗೆ, ಕಟ್ಟಡದ ಅವಶೇಷ, ಹಸಿರು ಪಟ್ಟಿ ಕಟ್ಟಿಕೊಂಡ ಬಂದೂಕುಧಾರಿಗಳು. ಪತ್ರಿಕೆಗಳ ವಿದೇಶ ಪುಟದಲ್ಲೂ ಅದೇ ಏಜೆನ್ಸಿ ಕಾಪಿ. ಓದಿದವರು ಕೊನೆಗೆ ಹೇಳುವ ಮಾತೂ ಒಂದೇ: ‘ಅವರವರೇ ಹೊಡೆದಾಡಿಕೊಂಡು ದೇಶ ಹಾಳು ಮಾಡಿಕೊಂಡರು.’ ಈ ಮಾತಿಗೆ ನಮ್ಮ ತಕರಾರಿದೆ. ಲೆಬನಾನಿನ ಜನರ ಉಳಿತಾಯ ಕರಗಿದ್ದು 2019ರಲ್ಲಿ. ಆ ವರ್ಷ ಅಲ್ಲಿ ದೊಡ್ಡ ಯುದ್ಧವೇನೂ ಇರಲಿಲ್ಲ. ಕರಗಿಸಿದವರು ಸೂಟು ಹಾಕಿಕೊಂಡವರು. ಅವರ ಕೈಯಲ್ಲಿದ್ದ ಆಯುಧ ಒಂದು ಅಂಕಿ: 1507.5.

ಒಂದು ಡಾಲರಿಗೆ 1507.5 ಲಿರಾ. 1975ರಿಂದ 1990ರವರೆಗಿನ ಅಂತರ್ಯುದ್ಧಕ್ಕೆ ಮುಂಚೆ ಡಾಲರಿಗೆ ಎರಡು ಮೂರು ಲಿರಾ ಇದ್ದದ್ದು, 1992ರ ಹೊತ್ತಿಗೆ ಎರಡೂವರೆ ಸಾವಿರ ದಾಟಿತ್ತು. ಯುದ್ಧದಲ್ಲಿ ಬಳಲಿದ್ದ ಜನರಿಗೆ ಅಲುಗಾಡದ ದರವೊಂದು ಬೇಕಿತ್ತು, ಅದು ನಿಜ. 1997ರ ಕೊನೆಗೆ ಕೇಂದ್ರ ಬ್ಯಾಂಕು ದರವನ್ನು 1507.5ಕ್ಕೆ ಕಟ್ಟಿಹಾಕಿತು. ಗವರ್ನರ್ ರಿಯಾದ್ ಸಲಾಮೆ 1993ರಲ್ಲಿ ಕುರ್ಚಿ ಹಿಡಿದವರು 2023ರ ಜುಲೈ ತನಕ ಬಿಡಲಿಲ್ಲ. ಹೊರದೇಶದ ಹಣಕಾಸು ಪತ್ರಿಕೆಗಳು ಅವರನ್ನು ವರ್ಷದ ಅತ್ಯುತ್ತಮ ಗವರ್ನರ್ ಎಂದು ಹೊಗಳಿದ್ದೂ ಉಂಟು. ಇಪ್ಪತ್ತೆರಡು ವರ್ಷ ಆ ದರ ಅಲುಗಲಿಲ್ಲ. ಅಂಗಡಿಯವನು ಡಾಲರನ್ನೂ ಲಿರಾವನ್ನೂ ಒಂದೇ ಗಲ್ಲಾಕ್ಕೆ ಹಾಕಿಕೊಂಡು, ಚಿಲ್ಲರೆ ಯಾವುದರಲ್ಲಾದರೂ ಕೊಡುತ್ತಿದ್ದ.

ದರ ನಿಂತಿದೆ ಎಂದರೆ ಯಾರೋ ಅದನ್ನು ಹಿಡಿದು ನಿಲ್ಲಿಸಿದ್ದಾರೆ ಎಂದೇ ಅರ್ಥ. ಲೆಬನಾನ್ ತಾನು ತಯಾರಿಸುವುದು ಕಡಿಮೆ, ಹೊರಗಿನಿಂದ ತರಿಸುವುದು ಬಹಳ. ಗೋಧಿ, ಪೆಟ್ರೋಲ್, ಔಷಧಿ, ಕಾರು, ಎಲ್ಲಕ್ಕೂ ಡಾಲರ್ ಬೇಕು. ಆ ಡಾಲರು ಬರುತ್ತಿದ್ದದ್ದು ಕೊಲ್ಲಿ ದೇಶಗಳಲ್ಲಿ, ಪಶ್ಚಿಮ ಆಫ್ರಿಕಾದಲ್ಲಿ, ಬ್ರೆಜಿಲ್‌ನಲ್ಲಿ ದುಡಿಯುವ ಲೆಬನಾನಿಗರಿಂದ. ಅವರು ಮನೆಗೆ ಕಳಿಸಿದ್ದನ್ನು ಮನೆಯವರು ಹೆಚ್ಚಿನ ಬಡ್ಡಿಯ ಆಸೆಗೆ ಬ್ಯಾಂಕಿನಲ್ಲಿಟ್ಟರು. ಬ್ಯಾಂಕುಗಳು ಅದನ್ನು ಇನ್ನೂ ಹೆಚ್ಚಿನ ಬಡ್ಡಿಯ ಆಸೆಗೆ ಕೇಂದ್ರ ಬ್ಯಾಂಕಿಗೆ, ಸರ್ಕಾರಕ್ಕೆ ಕೊಟ್ಟವು. ಸರ್ಕಾರ ಆ ಹಣದಲ್ಲಿ ಹಳೇ ಸಾಲದ ಬಡ್ಡಿ ಕಟ್ಟಿತು, ದಿನಕ್ಕೆ ಕೆಲವೇ ಗಂಟೆ ಕರೆಂಟು ಕೊಡುವ ವಿದ್ಯುತ್ ಕಂಪನಿಯ ನಷ್ಟ ತುಂಬಿತು. ಕೇಂದ್ರ ಬ್ಯಾಂಕು ಲಿರಾದ ದರ ಕಾಯಿತು. ಹೊಸ ಠೇವಣಿ ಬರುತ್ತಿರುವವರೆಗೆ ಹಳೇ ಠೇವಣಿದಾರನಿಗೆ ಬಡ್ಡಿ ಬರುತ್ತಿತ್ತು. ನಮ್ಮ ಕಡೆ ಇಂಥದ್ದಕ್ಕೆ ಚೈನ್ ಸ್ಕೀಮು ಎನ್ನುತ್ತಾರೆ. ವಿಶ್ವಬ್ಯಾಂಕು 2022ರ ತನ್ನ ವರದಿಯ ಶೀರ್ಷಿಕೆಯಲ್ಲೇ ಪೊಂಜಿ ಎಂಬ ಪದ ಬಳಸಿತು.

2011ರಲ್ಲಿ ಪಕ್ಕದ ಸಿರಿಯಾ ಹೊತ್ತಿಕೊಂಡಿತು. ಪ್ರವಾಸಿಗರು ಕಡಿಮೆಯಾದರು, ಠೇವಣಿಯ ಹರಿವು ಸೊರಗಿತು. ಸೌದಿ ಅರೇಬಿಯಾ ಮತ್ತು ಇರಾನ್ ನಡುವಿನ ಹಗ್ಗಜಗ್ಗಾಟ ಬೈರುತ್‌ಗೆ ಬಂತು. ಹಿಜ್ಬುಲ್ಲಾ ಸರ್ಕಾರದೊಳಗೆ ಬಲವಾದಷ್ಟೂ ಕೊಲ್ಲಿಯ ದೊರೆಗಳು ಕೈಬಿಗಿ ಮಾಡಿದರು. 2017ರ ನವೆಂಬರ್ 4ರಂದು ಪ್ರಧಾನಿ ಸಾದ್ ಹರಿರಿ ರಿಯಾದ್‌ನಲ್ಲಿ ಕುಳಿತು ಟಿವಿಯಲ್ಲಿ ರಾಜೀನಾಮೆ ಓದಿದರು, ಮರಳಿ ಬಂದು ಅದನ್ನು ಹಿಂಪಡೆದರು. ಒಂದು ದೇಶದ ಪ್ರಧಾನಿ ಇನ್ನೊಂದು ದೇಶದ ರಾಜಧಾನಿಯಲ್ಲಿ ರಾಜೀನಾಮೆ ಕೊಡುವುದನ್ನು ನೋಡಿದ ಮೇಲೆ ಯಾವ ಠೇವಣಿದಾರ ಲಿರಾ ಇಟ್ಟುಕೊಳ್ಳುತ್ತಾನೆ? ರಾಜಕೀಯ ಸಂಘರ್ಷದ ಪಾತ್ರವನ್ನು ನಾವು ಅಲ್ಲಗಳೆಯುತ್ತಿಲ್ಲ. ಆದರೆ ಸಂಘರ್ಷ ಕಿತ್ತದ್ದು ಮುಚ್ಚಳ ಮಾತ್ರ. ಪಾತ್ರೆ ಅಷ್ಟರಲ್ಲಾಗಲೇ ಖಾಲಿಯಾಗಿತ್ತು. ಅದನ್ನು ಮರೆಮಾಚಲು ಕೇಂದ್ರ ಬ್ಯಾಂಕು 2016ರಿಂದ ‘ಫೈನಾನ್ಷಿಯಲ್ ಎಂಜಿನಿಯರಿಂಗ್’ ಎಂಬ ಭಾರೀ ಹೆಸರಿನಲ್ಲಿ ಬ್ಯಾಂಕುಗಳಿಗೆ ಕೊಬ್ಬಿದ ಲಾಭ ಕೊಟ್ಟು, ಅವುಗಳ ಕೈಯಲ್ಲಿ ಹೊರಗಿನಿಂದ ಇನ್ನಷ್ಟು ಡಾಲರ್ ತರಿಸಿತು.

2019ರ ಅಕ್ಟೋಬರ್ 17ರಂದು ಸರ್ಕಾರ ವಾಟ್ಸಾಪ್ ಕರೆಗೆ ತಿಂಗಳಿಗೆ 6 ಡಾಲರ್ ತೆರಿಗೆ ಹಾಕಲು ಹೊರಟಿತು. ಜನ ರಸ್ತೆಗಿಳಿದರು. ಬ್ಯಾಂಕುಗಳು ಎರಡು ವಾರ ಬಾಗಿಲು ಹಾಕಿಕೊಂಡವು. ಬಾಗಿಲು ತೆರೆದಾಗ ಸಾಮಾನ್ಯ ಠೇವಣಿದಾರನ ಡಾಲರ್ ಖಾತೆಗೆ ಬೀಗ ಬಿದ್ದಿತ್ತು. ಹಣ ಹೊರಹೋಗದಂತೆ ತಡೆಯುವ ಕಾನೂನನ್ನು ಸಂಸತ್ತು ಮಾಡಲಿಲ್ಲ. ತಡೆದದ್ದು ಬ್ಯಾಂಕ್ ಮ್ಯಾನೇಜರುಗಳು, ತಮಗೆ ತೋಚಿದಂತೆ. ಕಾನೂನಿದ್ದರೆ ಎಲ್ಲರಿಗೂ ಅನ್ವಯಿಸುತ್ತಿತ್ತು. ಇಲ್ಲದ್ದರಿಂದ ವಶೀಲಿ ಇದ್ದವರ ಹಣ ಹೊರದೇಶಕ್ಕೆ ಹೋಯಿತು, ಶಾಲಾ ಮೇಷ್ಟ್ರ ನಿವೃತ್ತಿ ಹಣ ಒಳಗೇ ಉಳಿಯಿತು. ನಮ್ಮ ತಾಲೂಕುಗಳಲ್ಲಿ ಸೌಹಾರ್ದ ಸಹಕಾರಿಗಳು ಮುಳುಗುವ ಮುಂಚೆ ನಿರ್ದೇಶಕರ ಬಂಧುಗಳ ಠೇವಣಿ ಮಾತ್ರ ಹೊರಬರುವುದನ್ನು ವರದಿ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಿಕ್ಕಿಬಿದ್ದ ಡಾಲರಿಗೆ ಅರ್ಥಶಾಸ್ತ್ರಜ್ಞ ಡ್ಯಾನ್ ಅಝಿ ಒಂದು ಹೆಸರಿಟ್ಟರು: ‘ಲೋಲರ್’. ಪಾಸ್‌ಬುಕ್ಕಿನಲ್ಲಿ ಡಾಲರು, ಕೈಗೆ ಬಂದರೆ ಕಾಗದ. 2020ರ ಏಪ್ರಿಲ್‌ನಲ್ಲಿ ಬಂದ 151ನೇ ಸುತ್ತೋಲೆಯಂತೆ ಠೇವಣಿದಾರ ತನ್ನ ಡಾಲರನ್ನು ಲಿರಾದಲ್ಲಿ, ಬ್ಯಾಂಕು ಹೇಳಿದ ದರಕ್ಕೆ, ತಿಂಗಳ ಮಿತಿಯೊಳಗೆ ಪಡೆಯಬೇಕಿತ್ತು. ಆ ದರ ಬಹುಕಾಲ 3,900 ಇತ್ತು. 2021ರ ಕೊನೆಗೆ ಹೊರಗೆ ಬೀದಿಯಲ್ಲಿ ಡಾಲರಿಗೆ 20,000ಕ್ಕೂ ಹೆಚ್ಚು. ಲೆಕ್ಕ ಹಾಕಿ ನೋಡಿ, 100 ಡಾಲರ್ ಇಟ್ಟವನಿಗೆ 20 ಡಾಲರಿನಷ್ಟೂ ಸಿಗುತ್ತಿರಲಿಲ್ಲ. ಉಳಿದ 80ನ್ನು ಕಡಿತ ಮಾಡಲು ಯಾವ ಸಂಸತ್ತೂ ಮತ ಹಾಕಲಿಲ್ಲ, ಯಾವ ನ್ಯಾಯಾಲಯವೂ ಆದೇಶಿಸಲಿಲ್ಲ. ಅದೇ ಹೊತ್ತಿಗೆ ದೊಡ್ಡ ಡಾಲರ್ ಸಾಲ ಮಾಡಿದ್ದವರು ಹಳೇ ದರದ ಲಿರಾದಲ್ಲೋ ಅಗ್ಗಕ್ಕೆ ಕೊಂಡ ಲೋಲರ್ ಚೆಕ್ಕಿನಲ್ಲೋ ಸಾಲ ತೀರಿಸಿಕೊಂಡು ಎದ್ದು ಹೋದರು. ಎಲ್ಲರೂ ತಿಂದರು, ಎಲ್ಲರೂ ತೆರಲಿ ಎಂದು ಬೈರುತ್‌ನ ಬ್ಯಾಂಕರುಗಳು ಹೇಳುವಾಗ ಈ ಸಾಲಗಾರರ ಸುದ್ದಿ ಎತ್ತುವುದಿಲ್ಲ.

2020ರ ಮಾರ್ಚ್‌ನಲ್ಲಿ ಸರ್ಕಾರ 120 ಕೋಟಿ ಡಾಲರಿನ ಬಾಂಡ್ ತೀರಿಸಲಾಗದೆ ಕೈಯೆತ್ತಿತು. ಆಗಸ್ಟ್ 4ರಂದು ಬಂದರಿನ ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ 2,750 ಟನ್ ಅಮೋನಿಯಂ ನೈಟ್ರೇಟ್ ಸಿಡಿದು 200ಕ್ಕೂ ಹೆಚ್ಚು ಜನ ಸತ್ತರು. ಆ ವರ್ಷ ಸೈನಿಕರ ಊಟದಿಂದ ಮಾಂಸ ತೆಗೆದರು. ಆಮದಿಗೆಂದು ಕೇಂದ್ರ ಬ್ಯಾಂಕು ಹಳೇ ದರದಲ್ಲಿ ಕೊಟ್ಟ ಡಾಲರಿನ ಪೆಟ್ರೋಲು ಸಿರಿಯಾಕ್ಕೆ ಕಳ್ಳಸಾಗಣೆಯಾಯಿತು. ಆ ಡಾಲರೂ ಠೇವಣಿದಾರರದೇ. 2021ರ ಆಗಸ್ಟ್‌ನಲ್ಲಿ ಉತ್ತರದ ಅಕ್ಕಾರ್‌ನಲ್ಲಿ ಕ್ಯಾನು ಹಿಡಿದು ಇಂಧನ ತುಂಬಿಕೊಳ್ಳಲು ಮುಗಿಬಿದ್ದ ಸುಮಾರು 30 ಜನ ಟ್ಯಾಂಕರ್ ಸ್ಫೋಟದಲ್ಲಿ ಸುಟ್ಟುಹೋದರು. ಅಕ್ಕಾರ್ ಆ ದೇಶದ ಬಡ ಜಿಲ್ಲೆ. ವಿಶ್ವಬ್ಯಾಂಕಿನ ಲೆಕ್ಕದಲ್ಲಿ 2018ರಲ್ಲಿ ಸುಮಾರು 5,500 ಕೋಟಿ ಡಾಲರಿದ್ದ ದೇಶದ ಒಟ್ಟು ಉತ್ಪನ್ನ 2020ಕ್ಕೆ 3,300 ಕೋಟಿಗೆ ಇಳಿದಿತ್ತು. ಯುದ್ಧ ಮಾಡಿದ ದೇಶಗಳಲ್ಲೂ ಇಂಥ ಕುಸಿತ ಅಪರೂಪ.

2022ರಲ್ಲಿ ಜನ ಬ್ಯಾಂಕಿಗೆ ನುಗ್ಗತೊಡಗಿದರು. ಆಗಸ್ಟ್‌ನಲ್ಲಿ ಹಮ್ರಾ ಬೀದಿಯ ಬ್ಯಾಂಕಿಗೆ ಒಬ್ಬಾತ ಬಂದೂಕು ಹಿಡಿದು ಹೊಕ್ಕ. ಖಾತೆಯಲ್ಲಿ 2,10,000 ಡಾಲರಿತ್ತು, ತಂದೆಯ ಆಸ್ಪತ್ರೆ ಬಿಲ್ಲಿಗೆ ಕೊಡುತ್ತಿರಲಿಲ್ಲ. ಹೊರಗೆ ನೆರೆದ ಜನ ಅವನ ಪರ ಕೂಗಿದರು. ಗಂಟೆಗಟ್ಟಲೆ ಮಾತುಕತೆಯಾಗಿ ಕೊನೆಗೆ 35,000 ಕೊಟ್ಟರು. ಮುಂದಿನ ತಿಂಗಳು ಮಹಿಳೆಯೊಬ್ಬಳು ಆಟಿಕೆ ಪಿಸ್ತೂಲು ತೋರಿಸಿ ತಂಗಿಯ ಕ್ಯಾನ್ಸರ್ ಚಿಕಿತ್ಸೆಗೆ 13,000 ಡಾಲರ್ ತೆಗೆದುಕೊಂಡು ಹೋದಳು. ಏಜೆನ್ಸಿಗಳು ಇವನ್ನು ‘ಬ್ಯಾಂಕ್ ದರೋಡೆ’ ಎಂದು ಕಳಿಸಿದವು. ನಮ್ಮ ಡೆಸ್ಕುಗಳು ಹಾಗೇ ಅನುವಾದಿಸಿ ವಿಚಿತ್ರ ಸುದ್ದಿಯ ಬಾಕ್ಸಿಗೆ ಹಾಕಿದವು. ತನ್ನದೇ ಹಣ ತೆಗೆದುಕೊಂಡವಳು ದರೋಡೆಕೋರಳು ಹೇಗಾದಾಳು?

ಧರ್ಮದ ಜಗಳ ಎನ್ನುವವರಿಗೆ ಕೊನೆಯದಾಗಿ ಒಂದು ಮಾತು. ಲೆಬನಾನಿನಲ್ಲಿ ಅಧ್ಯಕ್ಷ ಮಾರೊನೈಟ್ ಕ್ರೈಸ್ತ, ಪ್ರಧಾನಿ ಸುನ್ನಿ, ಸ್ಪೀಕರ್ ಶಿಯಾ ಎಂಬ ಹಂಚಿಕೆಯಿದೆ. ಸ್ಪೀಕರ್ ನಬೀಹ್ ಬೆರ್‍ರಿ 1992ರಿಂದ ಅದೇ ಪೀಠದಲ್ಲಿದ್ದಾರೆ. ಈ ಮೂವರು ಬೀದಿಯಲ್ಲಿ ಎಷ್ಟೇ ಕಚ್ಚಾಡಿದರೂ ಬ್ಯಾಂಕಿನ ವಿಷಯದಲ್ಲಿ ಒಗ್ಗಟ್ಟು. ಅರ್ಥಶಾಸ್ತ್ರಜ್ಞ ಜಾದ್ ಶಾಬಾನ್ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರಿಶೀಲಿಸಿದ 20 ಬ್ಯಾಂಕುಗಳಲ್ಲಿ 18ರ ದೊಡ್ಡ ಷೇರುದಾರರು ರಾಜಕಾರಣಿಗಳ ನಂಟಿನವರು. 2022ರ ಏಪ್ರಿಲ್‌ನಲ್ಲಿ ಐಎಂಎಫ್ ಜೊತೆ 300 ಕೋಟಿ ಡಾಲರಿನ ಪ್ರಾಥಮಿಕ ಒಪ್ಪಂದವಾಯಿತು. ಅದಕ್ಕಿದ್ದ ಷರತ್ತು, ಸುಮಾರು 7,000 ಕೋಟಿ ಡಾಲರಿನ ನಷ್ಟವನ್ನು ಲೆಕ್ಕಕ್ಕೆ ತಂದು ಬ್ಯಾಂಕುಗಳನ್ನು ಸರಿಪಡಿಸುವುದು. ಅದನ್ನು ವರ್ಷಗಟ್ಟಲೆ ಎಳೆದವರಲ್ಲಿ ಎಲ್ಲ ಪಂಗಡದವರೂ ಇದ್ದರು. ಬ್ಯಾಂಕ್ ಗೌಪ್ಯತೆ ಸಡಿಲಿಸುವ ಮತ್ತು ಬ್ಯಾಂಕುಗಳನ್ನು ಮರುರೂಪಿಸುವ ಕಾನೂನುಗಳು ಒಟ್ಟಿಗೆ ಕೈಸೇರಲು 2025 ಬರಬೇಕಾಯಿತು. ಸಲಾಮೆ 2024ರ ಸೆಪ್ಟೆಂಬರ್‌ನಲ್ಲಿ ಹಣ ದುರುಪಯೋಗದ ಆರೋಪದಲ್ಲಿ ಬಂಧನವಾಗಿ ಒಂದು ವರ್ಷದ ನಂತರ ಜಾಮೀನಿನ ಮೇಲೆ ಹೊರಬಂದರು. ಆರೋಪಗಳನ್ನು ಅವರು ಒಪ್ಪುವುದಿಲ್ಲ.

ನಷ್ಟ ಹೊರುವ ಸರದಿಯಲ್ಲಿ ಮೊದಲು ನಿಲ್ಲಬೇಕಾದವರು ಷೇರುದಾರರು, ಆಮೇಲೆ ಎಂಜಿನಿಯರಿಂಗ್ ಲಾಭ ಉಂಡವರು, ಸಣ್ಣ ಠೇವಣಿದಾರರು ಎಲ್ಲರಿಗಿಂತ ಕೊನೆಗೆ. ಇದು ಕ್ರಾಂತಿಯ ಮಾತಲ್ಲ, ಬ್ಯಾಂಕು ದಿವಾಳಿಯಾದಾಗ ಎಲ್ಲೆಡೆ ಇರಬೇಕಾದ ನಿಯಮ. ಲೆಬನಾನಿನಲ್ಲಿ ತಲೆಕೆಳಗಾಗಿದ್ದು ಆ ಸರದಿ. ಠೇವಣಿ ವಿಮೆಯ ಮಿತಿಯನ್ನು 2020ರ ಬಜೆಟ್‌ನಲ್ಲಿ 7.5 ಕೋಟಿ ಲಿರಾಗೆ ಏರಿಸಿ ಸರ್ಕಾರ ಬೆನ್ನು ತಟ್ಟಿಕೊಂಡಿತ್ತು. ಹಳೇ ದರದಲ್ಲಿ ಅದು ಸುಮಾರು 50,000 ಡಾಲರ್. ಈಗಿನ 89,500ರ ದರದಲ್ಲಿ 840 ಡಾಲರೂ ಆಗುವುದಿಲ್ಲ.