ಹಾಡಿದವರೇ ಬೇಡವೆಂದರೂ ಮಾರುವ ಹಕ್ಕು ಯಾರದು?

2010ರ ಜೂನ್ ತಿಂಗಳಲ್ಲಿ ಅಮೆರಿಕದ ಅಂಗಡಿಗಳಿಗೆ ಒಂದು ಧ್ವನಿಮುದ್ರಿಕೆ ಬಂದಿತು. ಹೆಸರು ‘ಟು ಬಿ ಲವ್ಡ್: ದಿ ಬೆಸ್ಟ್ ಆಫ್ ಪಾಪಾ ರೋಚ್’. ಪಾಪಾ ರೋಚ್ ಎಂಬ ತಂಡದ ಜನಪ್ರಿಯ ಹಾಡುಗಳ ಸಂಗ್ರಹವದು. ಅದನ್ನು ಕೊಳ್ಳಬೇಡಿರೆಂದು ಜನರಿಗೆ ಹೇಳಿದವರು ಯಾರು? ವಿಮರ್ಶಕರಲ್ಲ, ಪೈಪೋಟಿಯ ಕಂಪನಿಯವರಲ್ಲ. ಅದರಲ್ಲಿ ಹಾಡಿದವರೇ, ಬಾರಿಸಿದವರೇ!

ಈ ವಿಚಿತ್ರ ಹೇಗಾಯಿತೆಂಬುದನ್ನು ದುಡಿದು ತಿನ್ನುವವರೆಲ್ಲ ತಿಳಿಯಬೇಕು.

ಕ್ಯಾಲಿಫೋರ್ನಿಯದ ವ್ಯಾಕವಿಲ್ ಊರಿನಲ್ಲಿ 1993ರಲ್ಲಿ ಕೆಲವು ಹುಡುಗರು ಈ ತಂಡ ಕಟ್ಟಿದರು. ವಿದ್ಯುತ್ ಗಿಟಾರಿನ ಅಬ್ಬರಕ್ಕೆ ರ್‍ಯಾಪಿನ ಬಿರುಸು ಮಾತು ಬೆರೆಸಿದ ‘ನು ಮೆಟಲ್’ ಅವರ ಸಂಗೀತ. ಅದು ನಮ್ಮ ಕಿವಿಗೆ ಹಿತವೋ ಅಲ್ಲವೋ, ಆ ಮಾತು ಬೇರೆ. 2000ದಲ್ಲಿ ಡ್ರೀಮ್‌ವರ್ಕ್ಸ್ ಕಂಪನಿ ಹೊರತಂದ ಅವರ ‘ಇನ್‌ಫೆಸ್ಟ್’ ಅಮೆರಿಕವೊಂದರಲ್ಲೇ 30 ಲಕ್ಷ ಪ್ರತಿಗಳ ಲೆಕ್ಕ ಮುಟ್ಟಿತು. ಬಳಿಕ ಆ ಕಂಪನಿಯನ್ನು ಯೂನಿವರ್ಸಲ್ ಕೊಂಡಿತು. ಗಿರಣಿ ಕೈ ಬದಲಾದಾಗ ಯಂತ್ರದ ಜೊತೆಗೆ ಆಳನ್ನೂ ಎಣಿಸಿ ಕೊಡುವಂತೆ, ಹಾಡುಗಳೂ ತಂಡವೂ ಯೂನಿವರ್ಸಲ್‌ನ ಗೆಫೆನ್ ಶಾಖೆಗೆ ಸೇರಿಹೋದವು.

ಮುಂದೆ ತಂಡ ಆ ಧಣಿಯನ್ನು ಬಿಟ್ಟು ಹೊರಬಂದಿತು. 2010ರ ಆಗಸ್ಟಿನಲ್ಲಿ ಬೇರೊಂದು ಕಂಪನಿಯ ಮೂಲಕ ಅದರ ಹೊಸ ಧ್ವನಿಮುದ್ರಿಕೆ ಹೊರಡಲಿತ್ತು. ಅದಕ್ಕೆ ಎರಡು ತಿಂಗಳು ಮುಂಚೆ ಹಳೆಯ ಧಣಿ, ತಂಡದ ಸಮ್ಮತಿಯಿಲ್ಲದೆ, ಹಳೆಯ ಹಾಡುಗಳ ಗಂಟು ಕಟ್ಟಿ ಮಾರುಕಟ್ಟೆಗೆ ಇಳಿಸಿದ. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲು! ಕಾನೂನೂ ಹಾವಿನ ಕಡೆಗೇ ಇತ್ತು. ಏಕೆಂದರೆ ಮೂಲ ಮುದ್ರಣದ ಒಡೆತನ ಕಂಪನಿಯದು.

‘ಮಾರಿದ ಮಾಲು ಕೊಂಡವನದು, ಇದರಲ್ಲಿ ತಕರಾರೇನು?’ ಎಂದು ಅಂಗಡಿಯ ಮಿತ್ರರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ನೀವು ನಿಮ್ಮ ಗಂಟಿನಿಂದ ಬೆಲೆ ಕೊಟ್ಟು ಮಾಲು ತರುತ್ತೀರಿ. ಈ ವ್ಯಾಪಾರದಲ್ಲಿ ರೂಢಿಯಲ್ಲಿರುವ ಕರಾರು ಬೇರೆ. ಕಂಪನಿ ಮುಂಗಡ ಕೊಡುತ್ತದೆ. ಆ ಮುಂಗಡವನ್ನೂ ಮುದ್ರಣದ ಖರ್ಚನ್ನೂ ಹಾಡುಗಾರರ ಪಾಲಿನಿಂದಲೇ ಮುರಿದುಕೊಳ್ಳುತ್ತದೆ. ಎಲ್ಲ ವಸೂಲಾದ ಮೇಲೂ ಮುದ್ರಣ ಕಂಪನಿಯದಾಗಿಯೇ ಉಳಿಯುತ್ತದೆ. ಮಗ್ಗದ ಬೆಲೆಯನ್ನು ನೇಕಾರನ ಕೂಲಿಯಲ್ಲಿ ಮುರಿದುಕೊಂಡು, ಮಗ್ಗವನ್ನೂ ತನ್ನದೆನ್ನುವ ಸಾಹುಕಾರನಿಗೂ ಇವರಿಗೂ ಏನು ಭೇದ?

ಕಂಪನಿ ಬಂಡವಾಳ ಹೂಡಿತು, ನಷ್ಟದ ಭಯ ಹೊತ್ತಿತು ಎಂಬ ವಾದವೂ ಉಂಟು. ನಿಜ, ಅನೇಕ ತಂಡಗಳ ಮುಂಗಡ ವಸೂಲಾಗುವುದೇ ಇಲ್ಲ. ಅದಕ್ಕೆ ತಕ್ಕ ಲಾಭ ಪಡೆಯಲಿ, ಬೇಡವೆನ್ನುವವರಾರು? ಆದರೆ ಲಾಭಕ್ಕೊಂದು ಮಿತಿ ಬೇಡವೇ? ಒಡೆತನಕ್ಕೊಂದು ಅವಧಿ ಬೇಡವೇ?

ಬರೆದುಕೊಟ್ಟ ಹಕ್ಕನ್ನು 35 ವರ್ಷಗಳ ನಂತರ ಹಿಂದಕ್ಕೆ ಪಡೆಯಲು ಅಮೆರಿಕದ 1976ರ ಕೃತಿಸ್ವಾಮ್ಯ ಕಾಯಿದೆ ದಾರಿ ಬಿಟ್ಟಿದೆ. ಇದಕ್ಕೆ ಧ್ವನಿಮುದ್ರಣ ಕಂಪನಿಗಳು ಹೂಡಿರುವ ವಾದವೇನು ಗೊತ್ತೇ? ಹಾಡಿದವರು ನಮಗಾಗಿ ಕೂಲಿಗೆ ದುಡಿದವರು, ಅವರಿಗೆ ಈ ಹಕ್ಕಿಲ್ಲ! ಮಾರುವಾಗ ಪೋಸ್ಟರಿನಲ್ಲಿ ಮಹಾಕಲಾವಿದ; ಹಕ್ಕು ಕೇಳಿದೊಡನೆ ಬರಿಯ ಕೂಲಿಯಾಳು.

ನಾವು ಹೇಳುವುದಿಷ್ಟೆ. ಮುಂಗಡ ತೀರಿದ ಮೇಲೆ ಮುದ್ರಣ ಹಾಡಿದವರಿಗೆ ಮರಳಬೇಕು. ಅವರ ಒಪ್ಪಿಗೆಯಿಲ್ಲದೆ ಅವರ ಹೆಸರಿನಲ್ಲಿ ಸಂಗ್ರಹ ಹೊರಡಬಾರದು. ಇದು ಹಾಡುಗಾರರೊಬ್ಬರ ಬೇಡಿಕೆಯಲ್ಲ. ತನ್ನ ಕೈಯ ಕೆಲಸವೇ ತನಗೆ ಎದುರಾಗಿ ಸಂತೆಯಲ್ಲಿ ನಿಂತದ್ದನ್ನು ಕಂಡ ಪ್ರತಿಯೊಬ್ಬ ದುಡಿಮೆಗಾರನ ಬೇಡಿಕೆ.